ಲಾರಿಗೆ ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್: ಹಾಕಿಸುವ ಮೊದಲು ನೋಡಬೇಕಾದದ್ದು, ಹಾಕಿಸುವುದಾದರೆ ಆರಿಸುವ ಬಗೆ

ಶಿವರಾತ್ರಿ ಕಳೆದು ಬಿಸಿಲು ಬಲಿಯಿತೆಂದರೆ ಹುಬ್ಬಳ್ಳಿ, ಗದಗ, ಹಾವೇರಿಯ ಗ್ಯಾರೇಜುಗಳಲ್ಲಿ ಒಂದು ಬೇಡಿಕೆ ತಪ್ಪದೆ ಕೇಳಿಬರುತ್ತದೆ: "ಗಾಡಿ ಹೀಟ್ ಆಗುತ್ತಿದೆ, ಕಡಿಮೆ ಡಿಗ್ರಿಯ ಥರ್ಮೋಸ್ಟಾಟ್ ಹಾಕಿಕೊಡಿ." ಕೆಲವರು ಅಷ್ಟಕ್ಕೂ ಕಾಯದೆ ಇರುವ ಥರ್ಮೋಸ್ಟಾಟನ್ನೇ ಕಿತ್ತು ಹಾಕಿಸಿ ಹೊರಟುಬಿಡುತ್ತಾರೆ. ಹೀಗೆ ಮಾಡಿಸಿದ ಲಾರಿಗಳಲ್ಲಿ ಹೆಚ್ಚಿನವು ಮುಂದಿನ ಏರಿನಲ್ಲಿ ಮತ್ತೆ ಅಷ್ಟೇ ಕಾಯುತ್ತವೆ. ಏಕೆಂದರೆ ಎಂಜಿನ್ ಎಷ್ಟು ಬಿಸಿಯಾಗಬಹುದು ಎಂಬುದನ್ನು ಥರ್ಮೋಸ್ಟಾಟ್ ತೀರ್ಮಾನಿಸುವುದಿಲ್ಲ. ಎಷ್ಟಕ್ಕಿಂತ ತಣ್ಣಗಾಗಬಾರದು ಎಂಬುದಷ್ಟೇ ಅದರ ಕೈಯಲ್ಲಿದೆ. ಇದೊಂದು ಸಂಗತಿ ಮನಸ್ಸಿಗೆ ಬಂದರೆ ಅರ್ಧ ಖರ್ಚು ಉಳಿಯುತ್ತದೆ. ಉಳಿದರ್ಧವನ್ನು ಸರಿಯಾದ ಕಡೆ ಹಾಕುವುದು ಹೇಗೆಂದು ಹಂತ ಹಂತವಾಗಿ ನೋಡೋಣ.

ಮೊದಲು ಅದರ ಕೆಲಸ ತಿಳಿಯಿರಿ

ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್, ರೇಡಿಯೇಟರಿಗೆ ಹೋಗುವ ದಾರಿಯನ್ನು ತೆರೆದು ಮುಚ್ಚುವ ಬಾಗಿಲೇ ಥರ್ಮೋಸ್ಟಾಟ್. ಅದರ ಹೊಟ್ಟೆಯಲ್ಲಿ ಮೇಣ ತುಂಬಿದ ಪುಟ್ಟ ಕೊಳವೆ ಇರುತ್ತದೆ. ಕೂಲಂಟ್ ಬಿಸಿಯಾದಂತೆ ಮೇಣ ಕರಗಿ ಹಿಗ್ಗುತ್ತದೆ, ಕಡ್ಡಿಯನ್ನು ತಳ್ಳುತ್ತದೆ, ಬಾಯಿ ತೆರೆಯುತ್ತದೆ. ತಣ್ಣಗಾದರೆ ಸ್ಪ್ರಿಂಗ್ ಮತ್ತೆ ಮುಚ್ಚುತ್ತದೆ. ಅದರ ಮೇಲೆ ಒತ್ತಿರುವ ಅಂಕಿ, ಉದಾಹರಣೆಗೆ 82, ಬಾಯಿ ಬಿಚ್ಚಲು ಆರಂಭಿಸುವ ಉಷ್ಣತೆ. ಪೂರ್ತಿ ತೆರೆಯುವುದಕ್ಕೆ ಅಲ್ಲಿಂದ ಮುಂದೆ ಇನ್ನೂ 10ರಿಂದ 15 ಡಿಗ್ರಿ ಬೇಕು. ಹಾಗಾಗಿ 82ರದು ಸುಮಾರು 95ಕ್ಕೆ ಪೂರ್ತಿ ತೆರೆದಿರುತ್ತದೆ, 71ರದು ಸುಮಾರು 84ಕ್ಕೆ.

ಈಗ ನಿಮ್ಮ ಲಾರಿ ಲೋಡು ಹೊತ್ತು ಅಂಕೋಲೆಯಿಂದ ಅರಬೈಲ್ ಘಾಟ್ ಏರಿ ಯಲ್ಲಾಪುರದ ಕಡೆಗೆ ಬರುತ್ತಿದೆ ಎನ್ನಿ. ಮುಳ್ಳು 105 ಮುಟ್ಟಿದೆ. ಆ ಹೊತ್ತಿಗೆ 82ರ ಥರ್ಮೋಸ್ಟಾಟೂ ಪೂರ್ತಿ ತೆರೆದಿದೆ, 71ರದು ಇದ್ದಿದ್ದರೆ ಅದೂ ಪೂರ್ತಿ ತೆರೆದಿರುತ್ತಿತ್ತು. ಎರಡರಲ್ಲೂ ರೇಡಿಯೇಟರಿಗೆ ಹೋಗುವ ನೀರು ಹೆಚ್ಚುಕಡಿಮೆ ಒಂದೇ. ಮಲಪ್ರಭಾ ಕಾಲುವೆಯಲ್ಲಿ ಹೂಳು ತುಂಬಿದ್ದರೆ ತೂಬನ್ನು ಒಂದು ಗಂಟೆ ಮುಂಚೆ ಎತ್ತಿದರೂ ಕೊನೆಯ ಹೊಲಕ್ಕೆ ನೀರು ಏರುವುದಿಲ್ಲ. ಇಲ್ಲಿಯೂ ಹಾಗೆಯೇ. ತೆರೆದ ಮೇಲೆ ಉಷ್ಣವನ್ನು ಹೊರಹಾಕುವುದು ರೇಡಿಯೇಟರ್, ಫ್ಯಾನ್ ಮತ್ತು ಪಂಪಿನ ಕೆಲಸ.

ಇದಕ್ಕೊಂದು ಸರಳ ಲೆಕ್ಕವಿದೆ. ಥರ್ಮೋಸ್ಟಾಟ್ ಪೂರ್ತಿ ತೆರೆದ ಮೇಲೆ, ಒಂದೇ ಲೋಡು ಮತ್ತು ಒಂದೇ ವೇಗದಲ್ಲಿ, ಕೂಲಂಟಿನ ಉಷ್ಣತೆ ಹೊರಗಿನ ಗಾಳಿಗಿಂತ ಇಂತಿಷ್ಟು ಮೇಲೆ ನಿಲ್ಲುತ್ತದೆ. ಆ ಅಂತರ 60 ಡಿಗ್ರಿ ಎಂದಿಟ್ಟುಕೊಳ್ಳಿ. ಧಾರವಾಡದ ಶ್ರಾವಣದಲ್ಲಿ ಗಾಳಿ 25 ಇದ್ದಾಗ ಲೆಕ್ಕ 85ಕ್ಕೇ ನಿಲ್ಲುತ್ತದೆ, 82ರ ಥರ್ಮೋಸ್ಟಾಟ್ ಪೂರ್ತಿ ತೆರೆಯುವ ಪ್ರಸಂಗವೇ ಬರುವುದಿಲ್ಲ, ಎಂಜಿನ್ 95ರೊಳಗೇ ಇರುತ್ತದೆ. ಏಪ್ರಿಲ್‌ನಲ್ಲಿ ಗದಗ, ಮುಂಡರಗಿಯ ಗಾಳಿ 40ರ ಹತ್ತಿರ ಹೋದಾಗ ಅದೇ ಎಂಜಿನ್ 100ಕ್ಕೆ ಏರುತ್ತದೆ. ಮಳೆಗಾಲವಿಡೀ ಚೆನ್ನಾಗಿದ್ದ ಗಾಡಿ ಬೇಸಿಗೆಯಲ್ಲಿ ಕಾಯುವುದು ಇದಕ್ಕೇ. ರೇಡಿಯೇಟರ್ ತೊಳೆದು ಆ 60ನ್ನು 50ಕ್ಕೆ ಇಳಿಸಿದರೆ ನೀವು ಗೆದ್ದಂತೆ. ಥರ್ಮೋಸ್ಟಾಟ್ ಬದಲಿಸಿದರೆ ಆ 60 ಅಲುಗುವುದಿಲ್ಲ.

ಹಾಗಾದರೆ ಕಡಿಮೆ ಡಿಗ್ರಿಯದರಿಂದ ಏನೂ ಲಾಭವಿಲ್ಲವೇ? ಒಂದಿದೆ. ಏರು ಹತ್ತುವ ಮೊದಲು ಎಂಜಿನ್ ಸುಮಾರು ಹತ್ತು ಡಿಗ್ರಿ ತಣ್ಣಗಿರುತ್ತದೆ. ಅಷ್ಟನ್ನು ತುಂಬಿಕೊಳ್ಳಲು ಕೆಲವು ನಿಮಿಷ ಬೇಕು. ಮೇಲ್ಸೇತುವೆಯಂತಹ ಚಿಕ್ಕ ಏರಿಗೆ ಆ ನಿಮಿಷಗಳು ಸಾಕು. ಘಾಟ್ ರಸ್ತೆಗೆ ಸಾಲುವುದಿಲ್ಲ.

ಹಂತ 1: ಎಲ್ಲಿ, ಯಾವಾಗ ಕಾಯುತ್ತದೆ ಎಂದು ಗುರುತು ಹಾಕಿಕೊಳ್ಳಿ

"ಹೀಟ್ ಆಗುತ್ತದೆ" ಎಂದಷ್ಟೇ ಹೇಳಿದರೆ ಯಾವ ಮೆಕ್ಯಾನಿಕ್ಕಿಗೂ ದಾರಿ ಸಿಗುವುದಿಲ್ಲ. ಗಾಡಿ ಓಡಿಸುವವರನ್ನೇ ಕೇಳಿ. ಮಾಲೀಕರಿಗಿಂತ ಡ್ರೈವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಅಮರಗೋಳದ ಎಪಿಎಂಸಿಯ ಮುಂದೆ ಸಾಲಿನಲ್ಲಿ ನಿಂತಾಗ, ಊರೊಳಗಿನ ದಟ್ಟಣೆಯಲ್ಲಿ ಕಾದು, ಹೆದ್ದಾರಿಗೆ ಬಿದ್ದೊಡನೆ ಇಳಿದರೆ ತೊಂದರೆ ಗಾಳಿಯದು. ಫ್ಯಾನ್ ಬೆಲ್ಟ್ ಸಡಿಲಾಗಿರಬಹುದು, ಫ್ಯಾನಿನ ಸುತ್ತಲಿನ ಕವಚ ಒಡೆದಿರಬಹುದು, ಒಳಗಿನ ಎಣ್ಣೆಯ ಹಿಡಿತದಿಂದ ತಿರುಗುವ ವಿಸ್ಕಸ್ ಫ್ಯಾನಿನ ಎಣ್ಣೆ ಸೋರಿ ಅದು ಹಿಡಿತ ಕಳೆದುಕೊಂಡಿರಬಹುದು. ಇದಕ್ಕೆ ವಿರುದ್ಧವಾಗಿ, ನಿಂತಾಗ ಸರಿಯಿದ್ದು ಲೋಡಿನಲ್ಲಿ ವೇಗವಾಗಿ ಹೋಗುವಾಗ ಮುಳ್ಳು ಏರಿದರೆ ನೀರಿನ ಹರಿವನ್ನು ನೋಡಬೇಕು: ಒಳಗೆ ಕಟ್ಟಿದ ರೇಡಿಯೇಟರ್, ರೆಕ್ಕೆ ಸವೆದ ವಾಟರ್ ಪಂಪ್, ಪಂಪಿನ ಎಳೆತಕ್ಕೆ ಒಳಕ್ಕೆ ಕುಸಿಯುವ ಕೆಳಗಿನ ಹೋಸ್ ಪೈಪ್. ಬೆಳಿಗ್ಗೆ ಶುರು ಮಾಡಿದ ಸ್ವಲ್ಪ ಹೊತ್ತಿಗೇ ಮುಳ್ಳು ಮೇಲೇರಿ, ಮೇಲಿನ ಹೋಸ್ ಪೈಪ್ ಮಾತ್ರ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಮುಚ್ಚಿದಲ್ಲೇ ಕಚ್ಚಿಕೊಂಡಿದೆ. ಅದಕ್ಕೆ ಬೇಕಾಗಿರುವುದು ಅದೇ ಡಿಗ್ರಿಯ ಹೊಸದು. ಇನ್ನು ಕೂಲಂಟ್ ಡಬ್ಬಿಯಲ್ಲಿ ಬಿಡದೆ ಗುಳ್ಳೆ ಏಳುತ್ತಿದ್ದರೆ, ಹೊರಗೆ ಸೋರಿಕೆ ಕಾಣದೆಯೂ ನೀರು ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪ್ಯಾಕಿಂಗ್, ಪರೀಕ್ಷೆ ಮಾಡಿಸಿ. ಥರ್ಮೋಸ್ಟಾಟಿನ ಮಾತನ್ನು ಅಲ್ಲಿಗೇ ಬಿಡಿ.

ಮೀಟರಿನ ಮುಳ್ಳನ್ನೂ ಪೂರ್ತಿ ನಂಬಬೇಡಿ. ಹಳೆಯ ಗಾಡಿಗಳಲ್ಲಿ ಸೆನ್ಸರ್ ಕೆಟ್ಟೋ ಅರ್ತಿಂಗ್ ತಂತಿ ತುಕ್ಕು ಹಿಡಿದೋ ಸುಳ್ಳು ತೋರಿಸುವುದುಂಟು. ಬೆಳಕಿನ ಚುಕ್ಕೆ ಬಿಟ್ಟು ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಮಾಪಕ ಈಗ ಅನೇಕ ಗ್ಯಾರೇಜುಗಳಲ್ಲಿದೆ. ಅದರಿಂದ ಥರ್ಮೋಸ್ಟಾಟ್ ಕೂರುವ ಮನೆಯ ಮೇಲೆ, ರೇಡಿಯೇಟರಿನ ಮೇಲಿನ ಮತ್ತು ಕೆಳಗಿನ ಬಾಯಿಯ ಮೇಲೆ ಅಳತೆ ತೆಗೆಸಿ. ಹೊಳೆಯುವ ಲೋಹದ ಮೇಲೆ ಅದು ಕಡಿಮೆ ತೋರಿಸುತ್ತದೆ, ಕಪ್ಪು ರಬ್ಬರಿನ ಮೇಲೆ ಸರಿಯಾಗಿರುತ್ತದೆ. ರೇಡಿಯೇಟರಿನ ಮುಖದ ಮೇಲೆ ಅಡ್ಡಡ್ಡಲಾಗಿ ಹಿಡಿದು ನೋಡಿದಾಗ ನಡುವೆ ಎಲ್ಲಾದರೂ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿಯ ಕೊಳವೆಗಳು ಕಟ್ಟಿವೆ ಎಂದರ್ಥ.

ಹಂತ 2: ನಮ್ಮ ಭಾಗದ ಧೂಳು ಮತ್ತು ನೀರು

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಬೇರೆ ಊರಿನ ಸಲಹೆಗಳು ನಮಗೆ ಸರಿಹೊಂದದಿರುವುದು ಇಲ್ಲಿಯೇ.

ಸುಗ್ಗಿಯ ಕಾಲದಲ್ಲಿ ನಮ್ಮ ರಸ್ತೆಗಳೇ ಕಣಗಳಾಗುತ್ತವೆ. ಜೋಳ, ಹುರುಳಿ, ಕಡಲೆ, ಗೋವಿನಜೋಳ ಎಲ್ಲವನ್ನೂ ಡಾಂಬರಿನ ಮೇಲೆ ಹರಡಿ ಗಾಡಿಗಳ ಚಕ್ರಗಳಿಂದಲೇ ತುಳಿಸುತ್ತಾರೆ. ಆ ಹೊಟ್ಟು ಮತ್ತು ರವದಿ ಹಾರಿ ನೇರವಾಗಿ ರೇಡಿಯೇಟರಿನ ಮುಖಕ್ಕೆ ಅಂಟುತ್ತವೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಸಾಗಿಸುವ ಗಾಡಿಗಳಿಗೆ ಸಿಪ್ಪೆಯ ಧೂಳು, ಹತ್ತಿ ಸಾಗಿಸುವವುಗಳಿಗೆ ನೂಲಿನಂತಹ ಎಳೆ. ಟರ್ಬೊ ಇರುವ ಲಾರಿಗಳಲ್ಲಿ ರೇಡಿಯೇಟರಿನ ಮುಂದೆ, ಟರ್ಬೊದಿಂದ ಬರುವ ಬಿಸಿಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್ ಇರುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಶುಚಿಯಾಗಿಯೇ ಕಾಣುತ್ತದೆ, ಕಸವೆಲ್ಲ ಇವೆರಡರ ನಡುವಿನ ಸಂದಿಯಲ್ಲಿ ಕಂಬಳಿಯಂತೆ ಕೂತಿರುತ್ತದೆ. ಇಂಟರ್‌ಕೂಲರನ್ನು ಸಡಿಲಿಸಿ ಮುಂದಕ್ಕೆ ಬಾಗಿಸಿಯೇ ತೊಳೆಸಬೇಕು. ಫ್ಯಾನಿನ ಕಡೆಯಿಂದ ಹೊರಮುಖಕ್ಕೆ ನೀರು ಬಿಡಲಿ. ಸರ್ವಿಸ್ ಸ್ಟೇಷನ್ನಿನ ಜೋರು ಧಾರೆಯನ್ನು ಹತ್ತಿರದಿಂದ ಬಿಟ್ಟರೆ ತೆಳುವಾದ ಫಿನ್‌ಗಳು ಮಡಚಿಕೊಂಡು ಗಾಳಿಯ ದಾರಿ ಶಾಶ್ವತವಾಗಿ ಮುಚ್ಚುತ್ತದೆ, ಆದ್ದರಿಂದ ದೂರದಿಂದ, ನೇರವಾಗಿ ಬಿಡಿಸಿ.

ನೀರಿನದು ಇನ್ನೂ ಗಂಭೀರ. ಗದಗ ಜಿಲ್ಲೆಯ ಬಹುತೇಕ ಕೊಳವೆಬಾವಿಗಳ ನೀರು ಗಡಸು. ಹಂಡೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಕೊಳವೆಯೊಳಗೂ ಸಿಲಿಂಡರಿನ ಗೋಡೆಯ ಹೊರಮೈಮೇಲೂ ಕಟ್ಟುತ್ತದೆ. ಧಾಬಾದ ಮುಂದೆ ನಿಲ್ಲಿಸಿ ಬಕೆಟ್ಟಿನಿಂದ ನೀರು ಸುರಿಯುವ ಅಭ್ಯಾಸ ಎಷ್ಟು ಎಂಜಿನ್‌ಗಳನ್ನು ಕೊಂದಿದೆಯೋ! ಬರಿಯ ನೀರು ಹಾಕಿದರೆ ಇನ್ನೂ ಒಂದು ಅಪಾಯವಿದೆ. ದೊಡ್ಡ ಡೀಸೆಲ್ ಎಂಜಿನ್‌ಗಳಲ್ಲಿ ಲೈನರಿನ (ಸಿಲಿಂಡರಿನ ಗೋಡೆಯಾಗಿರುವ ಕೊಳವೆಯ) ನಡುಕದಿಂದ ಅದರ ಹೊರಮೈಯಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಹಾಗೆ ಒಡೆಯುವ ಗುಳ್ಳೆಗಳೇ ಕಬ್ಬಿಣವನ್ನು ತಿಂದು ತೂತು ಮಾಡುತ್ತವೆ. ಕೂಲಂಟಿನಲ್ಲಿ ಬೆರೆಸಿರುವ ರಾಸಾಯನಿಕಗಳು ಇದನ್ನು ತಡೆಯುತ್ತವೆ, ನೀರಿಗೆ ಆ ಶಕ್ತಿಯಿಲ್ಲ. ಕಂಪನಿ ಹೇಳಿದ ಕೂಲಂಟನ್ನು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ನೀರಿನೊಂದಿಗೆ ಸಮಸಮ ಬೆರೆಸಿ ಹಾಕಿ, ಅಥವಾ ಬೆರೆಸಿಯೇ ಬರುವ ಸಿದ್ಧ ಕೂಲಂಟ್ ಕೊಳ್ಳಿ.

ರೇಡಿಯೇಟರ್ ಮುಚ್ಚಳವನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಎಂಜಿನ್ನಿನಲ್ಲಿ ಅದು 100 ದಾಟಿಯೂ ಕುದಿಯದಿರುವುದು ಮುಚ್ಚಳ ಹಿಡಿದಿಟ್ಟ ಒತ್ತಡ ಮತ್ತು ಕೂಲಂಟಿನಿಂದ. ಮುಚ್ಚಳದ ರಬ್ಬರ್ ಹರಿದಿದ್ದರೆ ಒತ್ತಡವಿಲ್ಲ, ಕೂಲಂಟ್ ಬೇಗ ಕುದಿದು ಉಕ್ಕುತ್ತದೆ. ಹೊಸ ಮುಚ್ಚಳ ಥರ್ಮೋಸ್ಟಾಟಿಗಿಂತ ಅಗ್ಗ. ಹಳೆಯದರ ಮೇಲೆ ಬರೆದಿರುವ ಒತ್ತಡದ ಅಂಕಿಯದನ್ನೇ ತನ್ನಿ.

ಹಂತ 3: ಹಳೆಯದನ್ನು ಪಾತ್ರೆಯಲ್ಲಿ ಕಾಯಿಸಿ ನೋಡಿ

ಇಷ್ಟು ಮಾಡಿದ ಮೇಲೂ ಅನುಮಾನ ಉಳಿದರೆ ಥರ್ಮೋಸ್ಟಾಟನ್ನು ಬಿಚ್ಚಿಸಿ. ಆಳವಾದ ಪಾತ್ರೆಯಲ್ಲಿ ನೀರು ತುಂಬಿ, ದಾರ ಕಟ್ಟಿ ತಳ ಮುಟ್ಟದಂತೆ ಇಳಿಬಿಡಿ. ಪಕ್ಕದಲ್ಲಿ 100 ದಾಟಿ ತೋರಿಸುವ ಥರ್ಮಾಮೀಟರ್ ಇರಲಿ. ಜ್ವರ ನೋಡುವುದು ಒಡೆಯುತ್ತದೆ. ಸಣ್ಣ ಉರಿಯಲ್ಲಿ ಕಾಯಿಸುತ್ತ, ನೀರನ್ನು ಕಲಕುತ್ತಿರಿ. ಬಾಯಿ ಬಿಚ್ಚಲು ಆರಂಭಿಸಿದ ಉಷ್ಣತೆಯನ್ನೂ ಪೂರ್ತಿ ತೆರೆದ ಉಷ್ಣತೆಯನ್ನೂ ಬರೆದುಕೊಳ್ಳಿ. ಒತ್ತಿರುವ ಅಂಕಿಗಿಂತ ಎರಡು ಮೂರು ಡಿಗ್ರಿ ಆಚೆ ಈಚೆ ಇದ್ದರೆ ಚಿಂತೆಯಿಲ್ಲ. ತೀರ ತಡವಾಗಿ ತೆರೆದರೆ, ಅರ್ಧಕ್ಕೇ ನಿಂತರೆ, ಆರಿದ ಮೇಲೂ ಮುಚ್ಚದಿದ್ದರೆ ಅದರ ಆಯುಷ್ಯ ಮುಗಿದಿದೆ.

ಒಂದು ಎಚ್ಚರಿಕೆ: 88 ಅಥವಾ 90ರ ಥರ್ಮೋಸ್ಟಾಟ್ ಪೂರ್ತಿ ತೆರೆಯಲು 100ರ ಆಸುಪಾಸು ಬೇಕು, ನಮ್ಮ ಪಾತ್ರೆಯ ನೀರು 98ಕ್ಕೇ ಕುದಿದುಬಿಡುತ್ತದೆ. ಅದು ಪೂರ್ತಿ ತೆರೆಯಲಿಲ್ಲವೆಂದು ಎಸೆಯಬೇಡಿ.

ಹಂತ 4: ನಿಮ್ಮ ಗಾಡಿಗೆ ಇದು ಸಲ್ಲುತ್ತದೆಯೇ?

ಕಡಿಮೆ ಡಿಗ್ರಿಯ ಥರ್ಮೋಸ್ಟಾಟಿನ ಹೊಗಳಿಕೆ ಹೆಚ್ಚಾಗಿ ಬರುವುದು ಅಮೆರಿಕದ ಪಿಕಪ್ ಟ್ರಕ್‌ಗಳ ಕಡೆಯಿಂದ. ಅವು ಬಹುಪಾಲು ಪೆಟ್ರೋಲ್ ಎಂಜಿನ್‌ಗಳು. ಅಲ್ಲಿ ಮೂಲದಲ್ಲಿ 195 ಇರುವುದನ್ನು ತೆಗೆದು 180 ಅಥವಾ 160 ಹಾಕುತ್ತಾರೆ. ಈ ಅಂಕಿಗಳು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ 195 ಎಂದರೆ ಸುಮಾರು 91, 180 ಎಂದರೆ 82, 160 ಎಂದರೆ 71. ಅವರು "ತಂಪು" ಎಂದು ಕೊಳ್ಳುವ 82ರ ಥರ್ಮೋಸ್ಟಾಟ್ ನಮ್ಮ ಅನೇಕ ಡೀಸೆಲ್ ಲಾರಿಗಳಲ್ಲಿ ಕಾರ್ಖಾನೆಯಿಂದಲೇ ಕೂತಿರುತ್ತದೆ! ಅದಕ್ಕಿಂತಲೂ ಕೆಳಗಿಳಿಯುವುದಕ್ಕೆ ಬಲವಾದ ಕಾರಣ ಬೇಕು.

ಪೆಟ್ರೋಲ್ ಎಂಜಿನ್‌ಗೆ ತಂಪಿನಿಂದ ಲಾಭವಿರುವುದು ನಿಜ. ಸಿಲಿಂಡರ್ ಬಿಸಿಯಾದಷ್ಟೂ ಪೆಟ್ರೋಲ್ ಹೊತ್ತಿಗೆ ಮುನ್ನವೇ ಸಿಡಿದು ಟಕಟಕ ಸದ್ದು ಮಾಡುತ್ತದೆ. ತಂಪಿದ್ದರೆ ಅದು ತಗ್ಗುತ್ತದೆ, ಕಿಡಿಯ ಸಮಯವನ್ನು ಮುಂದೂಡದೆ ಪೂರ್ಣ ಶಕ್ತಿ ಪಡೆಯಬಹುದು. ಡೀಸೆಲ್ಲಿನ ಗುಣ ಬೇರೆ. ಬಿಸಿಯಾಗಿ ಒತ್ತಿಕೊಂಡ ಗಾಳಿಯಲ್ಲೇ ಅದು ಹೊತ್ತಬೇಕು. ಎಂಜಿನ್ ತಣ್ಣಗಿದ್ದರೆ ತಡವಾಗಿ ಹೊತ್ತಿ ಒರಟಾಗಿ ಬಡಿಯುತ್ತದೆ, ಬಿಳಿ ಹೊಗೆ ಬರುತ್ತದೆ, ಉರಿಯದ ಡೀಸೆಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿನ ಎಂಜಿನ್ ಎಣ್ಣೆಯ ಚೇಂಬರಿಗೆ ಇಳಿಯುತ್ತದೆ. ಉರಿಯುವಾಗ ಹುಟ್ಟುವ ನೀರಾವಿ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಿ ಎಣ್ಣೆಯೊಂದಿಗೆ ಸೇರಿ ಕೆಸರಾಗುತ್ತದೆ. ಪಿಸ್ಟನ್ ರಿಂಗು, ಲೈನರ್ ಬೇಗ ಸವೆಯುತ್ತವೆ. ದಿನದ ಖರ್ಚಿನಲ್ಲಿ ಇದು ಕಾಣುವುದಿಲ್ಲ. ಎಂಜಿನ್ ಇಳಿಸಿ ಬೋರ್ ಮಾಡಿಸುವ ದಿನ ಎರಡು ವರ್ಷ ಮುಂಚೆ ಬಂದಾಗ ಕಾಣುತ್ತದೆ.

2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆ ಮಾಲಿನ್ಯದ ಹೊಸ ನಿಯಮದ) ಲಾರಿಗಳಲ್ಲಿ ಈ ಬದಲಾವಣೆ ಬೇಡವೇ ಬೇಡ. ಎಂಜಿನ್ ಕಂಪ್ಯೂಟರ್ ಕೂಲಂಟಿನ ಉಷ್ಣತೆ ನೋಡಿಯೇ ಡೀಸೆಲ್ ಎಷ್ಟು, ಯಾವಾಗ ಎಂದು ನಿರ್ಧರಿಸುತ್ತದೆ. ನಿರೀಕ್ಷಿತ ಮಟ್ಟಕ್ಕೆ ಏರದಿದ್ದರೆ ಎಂಜಿನ್ ಇನ್ನೂ ಬೇಕಾದಷ್ಟು ಬಿಸಿಯಾಗಿಲ್ಲ ಎಂದೇ ಭಾವಿಸಿ ಹೊಗೆ ಶುದ್ಧಿಯ ಕೆಲಸಗಳನ್ನು ತಡೆಹಿಡಿಯುತ್ತದೆ, ಮಸಿ ಸುಡುವ ಸುತ್ತು ಪೂರ್ತಿಯಾಗದೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟುತ್ತದೆ, ಎಚ್ಚರಿಕೆಯ ದೀಪ ಹೊತ್ತುತ್ತದೆ. ಥರ್ಮೋಸ್ಟಾಟಿನಲ್ಲಿ ಉಳಿಸಿದ್ದರ ಹಲವು ಪಟ್ಟು ಅಲ್ಲಿ ಹೋಗುತ್ತದೆ.

ಎಲೆಕ್ಟ್ರಿಕ್ ಫ್ಯಾನ್ ಇರುವ ಪೆಟ್ರೋಲ್, ಸಿಎನ್‌ಜಿ ಸಣ್ಣ ಸರಕು ಗಾಡಿಯವರು ಇನ್ನೊಂದನ್ನು ಗಮನಿಸಬೇಕು. ಫ್ಯಾನ್ ತಿರುಗಲು ಆರಂಭಿಸುವ ಉಷ್ಣತೆ ಕಂಪ್ಯೂಟರಿನಲ್ಲಿ ಮೊದಲೇ ಗೊತ್ತುಪಡಿಸಿರುತ್ತದೆ. ಹುಬ್ಬಳ್ಳಿಯ ದಾಜಿಬಾನ್ ಪೇಟೆಯ ಸಂದಣಿಯಲ್ಲಿ ನಿಂತಾಗ ಥರ್ಮೋಸ್ಟಾಟ್ 71ಕ್ಕೇ ತೆರೆದರೂ ಫ್ಯಾನ್ ತಿರುಗದೆ ಗಾಳಿಯಿಲ್ಲ, ಎಂಜಿನ್ ಎಂದಿನ ಮಟ್ಟಕ್ಕೇ ಏರುತ್ತದೆ.

ಹಾಗಾದರೆ ಯಾರಿಗೆ ಸಲ್ಲುತ್ತದೆ? ಕಂಪ್ಯೂಟರಿಲ್ಲದ, ಮೆಕ್ಯಾನಿಕಲ್ ಡೀಸೆಲ್ ಪಂಪಿನ ಹಳೆಯ ಲಾರಿ, ಮೂಲದಲ್ಲಿ 88 ಅಥವಾ ಅದಕ್ಕೂ ಹೆಚ್ಚಿನದು ಇದ್ದು, ತಂಪು ವ್ಯವಸ್ಥೆ ಎಲ್ಲ ಸರಿಯಿದ್ದೂ, ಬೇಸಿಗೆಯಲ್ಲಿ ಪೂರ್ಣ ಲೋಡಿನಲ್ಲಿ ಚಿಕ್ಕ ಏರುಗಳಲ್ಲಿ ಮಾತ್ರ ಮುಳ್ಳು ಕೆಂಪಿನ ಹತ್ತಿರ ಹೋಗುತ್ತಿದ್ದರೆ. ಅಂಥ ಎಂಜಿನ್‌ಗೆ ಕಂಪನಿಯೇ ಕಡಿಮೆ ಡಿಗ್ರಿಯ ಇನ್ನೊಂದು ಥರ್ಮೋಸ್ಟಾಟನ್ನು ತನ್ನ ಬಿಡಿಭಾಗದ ಪಟ್ಟಿಯಲ್ಲಿ ಕೊಟ್ಟಿದ್ದರೆ ಧೈರ್ಯವಾಗಿ ಹಾಕಿಸಿ.

ಕಿತ್ತು ಹಾಕಿಸುವುದು ಮಾತ್ರ ಯಾರಿಗೂ ಸಲ್ಲದು. ಬಹಳಷ್ಟು ಲಾರಿ ಎಂಜಿನ್‌ಗಳಲ್ಲಿ ಥರ್ಮೋಸ್ಟಾಟಿನ ಕೆಳಗೆ ಎರಡನೆಯ ತಟ್ಟೆ ಇರುತ್ತದೆ. ರೇಡಿಯೇಟರಿನ ಬಾಯಿ ತೆರೆದಾಗ ಅದು ಎಂಜಿನ್ನಿನೊಳಗಿನ ಅಡ್ಡದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟೇ ಇಲ್ಲದಿದ್ದರೆ ಬಿಸಿನೀರಿನ ಒಂದು ಭಾಗ ರೇಡಿಯೇಟರಿಗೆ ಹೋಗದೆ ಆ ದಾರಿಯಲ್ಲೇ ತಿರುಗುತ್ತಿರುತ್ತದೆ. ಏರಿನಲ್ಲಿ ಮೊದಲಿಗಿಂತ ಹೆಚ್ಚು ಕಾಯುತ್ತದೆ, ಘಾಟ್ ಇಳಿಯುವಾಗ ಬೇಕಾದ್ದಕ್ಕಿಂತ ತಣ್ಣಗಾಗುತ್ತದೆ. ಹೆಡ್ಡಿಗೆ ಈ ಏರಿಳಿತ ಒಳ್ಳೆಯದಲ್ಲ.

ಹಂತ 5: ಅಂಗಡಿಯಲ್ಲಿ ಆರಿಸುವಾಗ

ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಎಂಜಿನ್ ಸಂಖ್ಯೆಯ ಫೋಟೊವನ್ನೂ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ. ಒಂದೇ ಮಾದರಿಯ ಲಾರಿಗೆ ವರ್ಷಕ್ಕೊಂದರಂತೆ ಬೇರೆ ಬೇರೆ ಎಂಜಿನ್ ಬಂದಿರುವುದುಂಟು.

ಇಳಿಸುವುದಾದರೆ 5ರಿಂದ 8 ಡಿಗ್ರಿ ಸಾಕು. 88 ಇದ್ದರೆ 82. ಅಲ್ಲಿಂದ ಒಮ್ಮೆಗೇ 71ಕ್ಕೆ ಹಾರುವುದನ್ನು ಡೀಸೆಲ್ ಲಾರಿಗೆ ನಾನು ಒಪ್ಪುವುದಿಲ್ಲ. ಆರಂಭದ ಅಂಕಿಯ ಜೊತೆಗೆ ಪೂರ್ತಿ ತೆರೆಯುವ ಅಂಕಿಯನ್ನೂ ಕೇಳಿ. ಬೇಸಿಗೆಯಲ್ಲಿ ಕೆಲಸಕ್ಕೆ ಬರುವುದು ಅದೇ. ಹೊರಸುತ್ತಿನ ಅಗಲ, ಅಂಚಿನ ದಪ್ಪ, ಒಟ್ಟು ಎತ್ತರ ಹಳೆಯದಕ್ಕೆ ಹೊಂದಬೇಕು. ಎರಡನೆಯ ತಟ್ಟೆ ಹಳೆಯದರಲ್ಲಿದ್ದರೆ ಹೊಸದರಲ್ಲೂ ಅದೇ ಎತ್ತರದಲ್ಲಿರಬೇಕು. ಬಾಯಿ ಅಗಲವಾಗಿದೆ, ಡಿಗ್ರಿ ಸರಿಯಿದೆ ಎಂದು ತಟ್ಟೆಯಿಲ್ಲದ್ದನ್ನು ತಂದರೆ ಕಿತ್ತು ಹಾಕಿಸಿದ್ದಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಗಾಳಿ ಹೊರಹೋಗಲು ಅಂಚಿನಲ್ಲಿ ಅಲುಗಾಡುವ ಸಣ್ಣ ಪಿನ್ ಇದೆಯೇ ನೋಡಿ. ಕೆಲವು ದೊಡ್ಡ ಎಂಜಿನ್‌ಗಳಲ್ಲಿ ಎರಡು ಥರ್ಮೋಸ್ಟಾಟ್ ಇರುತ್ತವೆ. ಎರಡನ್ನೂ ಒಟ್ಟಿಗೇ, ಒಂದೇ ಅಂಕಿಯವನ್ನೇ ಬದಲಿಸಬೇಕು. ಅಂಕಿಯೇ ಒತ್ತಿರದ, ಪೆಟ್ಟಿಗೆಯಿಲ್ಲದ ಸರಕನ್ನು ಎಷ್ಟೇ ಅಗ್ಗವಾದರೂ ಬಿಡಿ. ಹೊಸದನ್ನೂ ಕೂರಿಸುವ ಮೊದಲು ಒಮ್ಮೆ ಪಾತ್ರೆಯಲ್ಲಿ ಕಾಯಿಸಿ ನೋಡಿ.

ಹಂತ 6: ಕೂರಿಸುವುದು

ಎಂಜಿನ್ ಪೂರ್ತಿ ಆರಿರಬೇಕು. ಬಿಸಿಯಿದ್ದಾಗ ಮುಚ್ಚಳ ತೆಗೆದು ಮುಖ, ಕೈ ಸುಟ್ಟುಕೊಂಡ ಕ್ಲೀನರ್ ಹುಡುಗರನ್ನು ಎಲ್ಲ ಗ್ಯಾರೇಜುಗಳೂ ಕಂಡಿವೆ. ಕೂಲಂಟನ್ನು ಅಗಲವಾದ ಡಬ್ಬಿಗೆ ಇಳಿಸಿ, ನೆಲಕ್ಕೆ ಬಿಡಬೇಡಿ. ಅದರಲ್ಲಿರುವ ಗ್ಲೈಕಾಲ್ ಸಿಹಿಯಾಗಿರುವುದರಿಂದ ನಾಯಿ, ಮೇಕೆ, ಕರುಗಳು ನೆಕ್ಕುತ್ತವೆ, ಅವಕ್ಕದು ವಿಷ.

ಮೇಣದ ಕೊಳವೆ ಮತ್ತು ಸ್ಪ್ರಿಂಗ್ ಇರುವ ಕಡೆ ಎಂಜಿನ್ನಿನತ್ತ ಇರಬೇಕು, ಪಿನ್ ಮೇಲ್ಭಾಗಕ್ಕೆ ಬರಬೇಕು. ಕೂರುವ ಜಾಗದ ಹಳೆಯ ಪ್ಯಾಕಿಂಗನ್ನು ಪೂರ್ತಿ ಕೆರೆದು ಹೊಸ ಗ್ಯಾಸ್ಕೆಟ್ ಹಾಕಿಸಿ. ಸಿಲಿಕಾನ್ ಪೇಸ್ಟನ್ನು ದಪ್ಪಗೆ ಬಳಿಯಲು ಬಿಡಬೇಡಿ. ಒಳಗೆ ಉಬ್ಬಿದ ತುಂಡುಗಳು ಕಿತ್ತು ರೇಡಿಯೇಟರಿನ ಕೊಳವೆಗೆ ಸಿಕ್ಕಿಕೊಳ್ಳುತ್ತವೆ. ಬೋಲ್ಟ್‌ಗಳನ್ನು ಎರಡೂ ಕಡೆ ಸಮನಾಗಿ ಬಿಗಿಯಬೇಕು, ಅಲ್ಯೂಮಿನಿಯಂ ಮನೆ ಬೇಗ ಬಿರುಕು ಬಿಡುತ್ತದೆ. ಕೂಲಂಟನ್ನು ನಿಧಾನವಾಗಿ ತುಂಬಿ, ಗಾಳಿ ಬಿಡುವ ಸ್ಕ್ರೂ ಇದ್ದರೆ ಬಿಚ್ಚಿ, ಎಂಜಿನ್ ಚಾಲೂ ಮಾಡಿ ಮೇಲಿನ ಹೋಸ್ ಪೈಪ್ ಬಿಸಿಯಾಗುವವರೆಗೆ ಕಾಯಿರಿ. ಆರಿದ ಮೇಲೆ ಮಟ್ಟ ನೋಡಿ ಮತ್ತೆ ತುಂಬಿ.

ಹಂತ 7: ಮೊದಲ ತಿಂಗಳು

ಹುಬ್ಬಳ್ಳಿಗಿಂತ ಧಾರವಾಡ ಎತ್ತರದಲ್ಲಿದೆ. ಲೋಡು ಹಾಕಿಕೊಂಡು ಆ ಕಡೆಗೆ ಮಧ್ಯಾಹ್ನದ ಬಿಸಿಲಿನಲ್ಲಿ ಒಮ್ಮೆ, ಬೆಳಗಿನ ಜಾವ ಒಮ್ಮೆ ಓಡಿಸಿ ಮುಳ್ಳು ಎಲ್ಲಿ ನಿಲ್ಲುತ್ತದೆ ನೋಡಿ. ಬೆಳಿಗ್ಗೆ ಸಮತಟ್ಟಿನಲ್ಲಿ ಥರ್ಮೋಸ್ಟಾಟಿನ ಅಂಕಿಗಿಂತ ಬಹಳ ಕೆಳಗೇ ಉಳಿದರೆ ಅದು ಸರಿಯಾಗಿ ಮುಚ್ಚುತ್ತಿಲ್ಲ. ಮಧ್ಯಾಹ್ನ ಮೊದಲಿನಷ್ಟೇ ಏರಿದರೆ ಹಂತ 1ಕ್ಕೆ ಮರಳಿ ರೇಡಿಯೇಟರನ್ನು ಬಿಚ್ಚಿಸಿ ಒಳಗಿನಿಂದ ತೊಳೆಸಿ.

ಟ್ಯಾಂಕ್ ತುಂಬಿಸಿದಾಗಲೆಲ್ಲ ಡೀಸೆಲ್ ಸರಾಸರಿ ಬರೆದಿಡಿ. ಸರಾಸರಿ ಇಳಿದರೆ, ಬೆಳಗಿನ ಬಿಳಿ ಹೊಗೆ ಹೆಚ್ಚು ಹೊತ್ತು ನಿಂತರೆ, ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಕಟ್ಟಿದರೆ ಎಂಜಿನ್ ಬೇಕಾದಷ್ಟು ಕಾಯುತ್ತಿಲ್ಲ. ನೊರೆಯ ಜೊತೆಗೆ ಕೂಲಂಟೂ ಕಡಿಮೆಯಾಗುತ್ತಿದ್ದರೆ ಮೊದಲು ಗ್ಯಾಸ್ಕೆಟ್ ನೋಡಿಸಿ. ಇಲ್ಲವಾದರೆ ಮೂಲದ ಅಂಕಿಯ ಥರ್ಮೋಸ್ಟಾಟನ್ನೇ ಮತ್ತೆ ಕೂರಿಸಿ. ಬೇಸಿಗೆಗೆಂದು ಬದಲಿಸಿದವರು ದಸರೆಯ ಆಯುಧಪೂಜೆಗೆ ಗಾಡಿ ತೊಳೆದು ಸಿದ್ಧಮಾಡುವಾಗಲೇ ಹಳೆಯ ಅಂಕಿಯದನ್ನು ಹಾಕಿಸಿಕೊಳ್ಳುವುದು ಒಳ್ಳೆಯದು. ಅದಾದ ಕೆಲವೇ ವಾರಗಳಲ್ಲಿ ಧಾರವಾಡದ ಕಡೆ ಬೆಳಗಿನ ಚಳಿ ಶುರುವಾಗುತ್ತದೆ.